ಆಂದಲೂಸಿಯಾ ಪ್ರವಾಸ: ಹೆಸರುಗಳಲ್ಲಿ ಉಳಿದ ಇತಿಹಾಸ



1492 ಎಂಬ ಇಸವಿಯನ್ನು ಹೇಳಿದೊಡನೆ ನಿಮ್ಮಲ್ಲಿ ಹೆಚ್ಚಿನವರ ಬಾಯಿಂದ ಕೊಲಂಬಸನ ಹೆಸರು ತಾನಾಗಿ ಹೊರಡುತ್ತದೆ. ನಮ್ಮ ಪಠ್ಯಪುಸ್ತಕಗಳು ಆ ವರ್ಷಕ್ಕೆ ಕೊಟ್ಟ ಜಾಗ ಅಷ್ಟೇ. ಆದರೆ ಸ್ಪೇನ್ ದೇಶದ ದಕ್ಷಿಣ ಪ್ರಾಂತವಾದ ಆಂದಲೂಸಿಯಾದಲ್ಲಿ ಆ ವರ್ಷ ನಾಲ್ಕು ತಿಂಗಳೊಳಗೆ ಮೂರು ಘಟನೆಗಳು ಒಂದರ ಹಿಂದೊಂದು ನಡೆದುವು. ಜನವರಿ 2ರಂದು ಗ್ರಾನಡಾದ ಕೊನೆಯ ಮುಸ್ಲಿಂ ಅರಸನು ತನ್ನ ನಗರವನ್ನು ಇಸಬೆಲ್ಲಾ ಮತ್ತು ಫರ್ಡಿನೆಂಡ್ ಎಂಬ ರಾಜದಂಪತಿಗಳಿಗೆ ಒಪ್ಪಿಸಿದನು. ಮಾರ್ಚ್ 31ರಂದು ಅದೇ ದಂಪತಿಗಳು ಯಹೂದ್ಯರೆಲ್ಲರೂ ದೇಶವನ್ನು ಬಿಡಬೇಕೆಂದು ಆಜ್ಞೆ ಹೊರಡಿಸಿದರು. ಉಳಿಯಬೇಕೆಂದವರಿಗೆ ಮತಾಂತರವೊಂದೇ ದಾರಿಯಾಯಿತು. ಏಪ್ರಿಲ್ 17ರಂದು ಗ್ರಾನಡಾದ ಪಕ್ಕದ ಸಾಂತಾ ಫೆ ಎಂಬ ಊರಿನಲ್ಲಿ ಕೊಲಂಬಸನ ಸಮುದ್ರಯಾನಕ್ಕೆ ಒಪ್ಪಂದವಾಯಿತು. ಮೂರನೆಯ ಘಟನೆ ಜಗತ್ತಿಗೆಲ್ಲ ಗೊತ್ತಾಯಿತು. ಮೊದಲೆರಡು ಆ ಮಣ್ಣಿನಲ್ಲಿ ಹೇಗೆ ಉಳಿದಿವೆ ಎಂಬುದನ್ನು ಕಣ್ಣಾರೆ ಕಾಣುವ ಅವಕಾಶ ನನಗೆ 2019ರ ಮಾರ್ಚ್ ಕೊನೆಯಲ್ಲಿ ದೊರೆಯಿತು. ಮಗಳು ಮತ್ತು ಅಳಿಯನೊಡನೆ ಹತ್ತು ದಿನ ಸೆವಿಯಾ, ಕೊರ್ದೊಬಾ, ಗ್ರಾನಡಾಗಳಲ್ಲಿ ಸುತ್ತಾಡಿದೆ. ಕಂಡದ್ದು, ಉಂಡದ್ದು, ಅವುಗಳ ಹಿಂದಿನ ಇತಿಹಾಸ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಕ್ರಿ.ಶ. 711ರಲ್ಲಿ ತಾರಿಕ್ ಇಬ್ನ್ ಜಿಯಾದ್ ಎಂಬ ಸೇನಾನಿ ಉತ್ತರ ಆಫ್ರಿಕಾದಿಂದ ಕಿರಿದಾದ ಜಲಸಂಧಿಯನ್ನು ದಾಟಿ ಬಂದನು. ಅವನು ಇಳಿದ ಬಂಡೆಗೆ 'ಜಬಲ್ ತಾರಿಕ್', ಅಂದರೆ ತಾರಿಕನ ಬೆಟ್ಟ ಎಂದು ಹೆಸರಾಯಿತು. ನೀವು ಭೂಪಟದಲ್ಲಿ ಗುರುತಿಸುತ್ತಿದ್ದ ಜಿಬ್ರಾಲ್ಟರ್ ಇದೇ. ಅಲ್ಲಿಂದ ಮುಂದೆ ಸುಮಾರು 780 ವರ್ಷಗಳ ಕಾಲ ಐಬೀರಿಯಾ ಪರ್ಯಾಯದ್ವೀಪದ ಒಂದಿಲ್ಲೊಂದು ಭಾಗವನ್ನು ಮುಸ್ಲಿಂ ಅರಸರು ಆಳಿದರು. ಆರಂಭದಲ್ಲಿ ಬಹುಭಾಗ ಅವರದಾಗಿತ್ತು. ಕೊನೆಯ ಎರಡೂವರೆ ಶತಮಾನಗಳಲ್ಲಿ ಗ್ರಾನಡಾ ರಾಜ್ಯವೊಂದೇ ಉಳಿದಿತ್ತು.

ಸೆವಿಯಾ ನಗರಕ್ಕೆ ಕಾಲಿಟ್ಟೊಡನೆ ಕಣ್ಣಿಗಿಂತ ಮೊದಲು ಮೂಗಿಗೆ ಕೆಲಸ ಬಂದಿತು. ಬೀದಿಬೀದಿಗಳಲ್ಲಿ ಸಾವಿರಾರು ಕಿತ್ತಳೆ ಮರಗಳು. ಮಾರ್ಚ್ ಕೊನೆಯಲ್ಲಿ ಅವುಗಳಿಗೆ ಹೂ ಬಿಡುವ ಕಾಲ. ಕೆಲವು ಮರಗಳಲ್ಲಿ ಹಿಂದಿನ ಫಸಲಿನ ಹಣ್ಣೂ ಹೊಸ ಹೂವೂ ಒಟ್ಟಿಗೇ ಇದ್ದುವು. ಯಾರೂ ಕೀಳುವುದಿಲ್ಲವೇಕೆಂದು ವಿಚಾರಿಸಿದಾಗ ತಿಳಿಯಿತು: ಅವು ಬಾಯಲ್ಲಿಡಲಾಗದಷ್ಟು ಕಹಿ. ಇಂಗ್ಲಿಷರು ಬೆಳಗಿನ ಬ್ರೆಡ್ಡಿಗೆ ಹಚ್ಚುವ ಮಾರ್ಮಲೇಡಿಗೆ ಇದೇ ಹಣ್ಣು ಹೋಗುತ್ತದೆ. ಈ ಕಹಿ ಕಿತ್ತಳೆಯನ್ನು ಸ್ಪೇನಿಗೆ ತಂದವರು ಅರಬರು. ಸಿಹಿ ಕಿತ್ತಳೆ ಬಂದದ್ದು ಅದಾದ ಎಷ್ಟೋ ಶತಮಾನಗಳ ಬಳಿಕ.

ಹಣ್ಣಿನ ಹೆಸರನ್ನು ಕೇಳಿದಾಗ ನನಗೆ ಅಚ್ಚರಿಯೂ ಸಂತೋಷವೂ ಆದುವು. ಸ್ಪ್ಯಾನಿಷ್ ಭಾಷೆಯಲ್ಲಿ ಕಿತ್ತಳೆಗೆ 'ನರಾನ್ಹಾ' ಎನ್ನುತ್ತಾರೆ. ಸಂಸ್ಕೃತದ 'ನಾರಂಗ' ಪರ್ಶಿಯನ್ನಿನಲ್ಲಿ 'ನಾರಂಗ್' ಆಗಿ, ಅರಬ್ಬಿಯಲ್ಲಿ 'ನಾರಂಜ್' ಆಗಿ, ಸ್ಪೇನಿನಲ್ಲಿ 'ನರಾನ್ಹಾ' ಆಯಿತು. ಸಂಸ್ಕೃತಕ್ಕೆ ಆ ಪದ ದ್ರಾವಿಡ ಮೂಲದಿಂದಲೇ ಹೋಗಿರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ. ಹಣ್ಣು ನಡೆದ ದಾರಿಯಲ್ಲಿಯೇ ಹೆಸರೂ ನಡೆದಿದೆ. ಅಲ್ಲಿಂದ ಮುಂದೆ ಊಟಕ್ಕೆ ಕುಳಿತಲ್ಲೆಲ್ಲ ಹೆಸರುಗಳನ್ನು ಕೇಳುವುದು ನನಗೊಂದು ಚಟವಾಯಿತು. ಸಕ್ಕರೆಗೆ ಅವರು 'ಅಸೂಕರ್' ಎನ್ನುತ್ತಾರೆ. ಅದು ಅರಬ್ಬಿಯ 'ಅಸ್ಸುಕ್ಕರ್'. ಮೂಲ ಸಂಸ್ಕೃತದ 'ಶರ್ಕರಾ'. ನಮ್ಮ 'ಸಕ್ಕರೆ'ಯೂ ಅದೇ ಬೇರಿನದು. ಅಕ್ಕಿ, ಎಣ್ಣೆ, ಹತ್ತಿ, ಕೇಸರಿ ಇವುಗಳ ಸ್ಪ್ಯಾನಿಷ್ ಹೆಸರುಗಳೂ ಅರಬ್ಬಿಯಿಂದಲೇ ಬಂದಿವೆ. ಆ ಭಾಷೆಯಲ್ಲಿ 'ಅಲ್', 'ಅ' ಎಂದು ಆರಂಭವಾಗುವ ಅನೇಕ ಪದಗಳಲ್ಲಿ ಅರಬ್ಬಿಯ ನಿರ್ದೇಶಕ ಉಪಪದವೇ ಅಂಟಿಕೊಂಡಿರುತ್ತದೆ.

ಇನ್ನೊಂದು ಉದಾಹರಣೆ ನಿಮಗೆ ಹೆಚ್ಚು ರುಚಿಸೀತು. ಬದನೆಕಾಯಿಗೆ ಅವರು 'ಬೆರೆನ್ಹೇನಾ' ಎನ್ನುತ್ತಾರೆ. ಸಂಸ್ಕೃತದ 'ವಾತಿಂಗಣ', ಪರ್ಶಿಯನ್ನಿನ 'ಬಾದಿಂಗಾನ್', ಅರಬ್ಬಿಯ 'ಬಾದಿಂಜಾನ್' ಎಂಬ ಮೂರು ಮೆಟ್ಟಿಲುಗಳನ್ನು ಇಳಿದು ಅದು ಅಲ್ಲಿಗೆ ಬಂದಿದೆ. ಪಕ್ಕದ ಪೋರ್ಚುಗಲ್ಲಿನಲ್ಲಿ ಅದು 'ಬೆರಿಂಜೇಲಾ' ಆಯಿತು. ಪೋರ್ಚುಗೀಸರು ನಮ್ಮ ಪಶ್ಚಿಮ ಕರಾವಳಿಗೆ ಬಂದಾಗ ಆ ಹೆಸರನ್ನೂ ತಂದರು. ನಾವಿಂದು ಇಂಗ್ಲಿಷಿನಲ್ಲಿ 'ಬ್ರಿಂಜಾಲ್' ಎನ್ನುವುದು ಅದನ್ನೇ. ಇಲ್ಲಿಂದ ಹೊರಟ ಹೆಸರು ಸಾವಿರಾರು ಮೈಲಿ ತಿರುಗಿ ವೇಷ ಬದಲಿಸಿಕೊಂಡು ತವರಿಗೆ ಮರಳಿತು! ಕೊರ್ದೊಬಾದಲ್ಲಿ ಬದನೆಕಾಯಿಯನ್ನು ತೆಳ್ಳಗೆ ಹೆಚ್ಚಿ, ಎಣ್ಣೆಯಲ್ಲಿ ಗರಿಗರಿಯಾಗಿ ಕರಿದು, ಮೇಲೆ ಕಬ್ಬಿನ ಕಾಕಂಬಿಯನ್ನು ಸುರಿದು ಕೊಡುತ್ತಾರೆ. ಬದನೆಗೆ ಸಿಹಿಯೇ ಎಂದು ಹಿಂಜರಿದವನು ಎರಡನೆಯ ತಟ್ಟೆಯನ್ನೂ ತರಿಸಿಕೊಂಡೆ.

ಸಸ್ಯಾಹಾರಿಯಾದ ನನಗೆ ಅಲ್ಲಿನ ಊಟ ಕಷ್ಟವಾದೀತೆಂದು ಮಗಳು ಮೊದಲೇ ಹೆದರಿಸಿದ್ದಳು. ಕಡಲೆಕಾಳು ಹಾಕಿ ಬೇಯಿಸಿದ ಪಾಲಕ್ ಪಲ್ಯ, ಬಾದಾಮಿ ಮತ್ತು ಬೆಳ್ಳುಳ್ಳಿ ಅರೆದು ಮಾಡಿದ 'ಅಹೋಬ್ಲಾಂಕೊ' ಎಂಬ ತಣ್ಣನೆಯ ಬಿಳಿ ಸಾರು, ಟೊಮೆಟೊ ಮತ್ತು ಬ್ರೆಡ್ಡನ್ನು ಆಲಿವ್ ಎಣ್ಣೆಯೊಡನೆ ಅರೆದ 'ಸಾಲ್ಮೊರೇಹೊ' ಇವುಗಳಿಂದ ನನ್ನ ಹೊಟ್ಟೆ ಚೆನ್ನಾಗಿಯೇ ತುಂಬಿತು. ಒಂದೇ ತೊಡಕೆಂದರೆ ಸಾಲ್ಮೊರೇಹೊದ ಮೇಲೆ ಹಂದಿಮಾಂಸದ ಚೂರುಗಳನ್ನು ಉದುರಿಸುವುದು ಅಲ್ಲಿನ ರೂಢಿ. ಪ್ರತಿಬಾರಿಯೂ 'ಹಂದಿಮಾಂಸ ಬೇಡ' ಎಂದು ಬಿಡಿಸಿ ಹೇಳಬೇಕಾಗುತ್ತಿತ್ತು. ಊಟ ಬಡಿಸುವವರು ನಕ್ಕು ಒಪ್ಪುತ್ತಿದ್ದರು. ಆದರೆ ಅದೇ ಸೆವಿಯಾದಲ್ಲಿ ಒಂದು ಕಾಲಕ್ಕೆ ಆ ಮಾತು ಪ್ರಾಣಕ್ಕೇ ಸಂಚಕಾರವಾಗಿತ್ತು.

ಗ್ವಾದಲ್‌ಕಿವೀರ್ ನದಿಯ ಆಚೆ ದಡದಲ್ಲಿ ತ್ರಿಯಾನಾ ಎಂಬ ಬಡಾವಣೆಯಿದೆ. ಆ ನದಿಯ ಹೆಸರೂ ಅರಬ್ಬಿಯದೇ: 'ಅಲ್ ವಾದಿ ಅಲ್ ಕಬೀರ್', ದೊಡ್ಡ ನದಿ. ಸೇತುವೆ ದಾಟಿದೊಡನೆ ತರಕಾರಿ, ಹಣ್ಣು, ಮೀನುಗಳ ಮಾರುಕಟ್ಟೆ. ಆ ಮಾರುಕಟ್ಟೆ ನಿಂತಿರುವುದು ಸಾನ್ ಹೋರ್ಹೆ ಕೋಟೆಯ ಅವಶೇಷಗಳ ಮೇಲೆ. 1481ರಿಂದ ಸುಮಾರು ಮೂರು ಶತಮಾನಗಳ ಕಾಲ ಸೆವಿಯಾದ ಇನ್‌ಕ್ವಿಸಿಷನ್, ಅಂದರೆ ಧರ್ಮವಿಚಾರಣೆಯ ನ್ಯಾಯಾಲಯ, ಇದ್ದುದು ಈ ಕೋಟೆಯಲ್ಲಿ. ಈಗ ಅವಶೇಷಗಳನ್ನು ವಸ್ತುಸಂಗ್ರಹಾಲಯವಾಗಿ ಕಾಪಾಡಿದ್ದಾರೆ. ಹೊರಗಿನಿಂದ ಕ್ರೈಸ್ತರಾಗಿ ಒಳಗೆ ಹಳೆಯ ಧರ್ಮವನ್ನೇ ಪಾಲಿಸುತ್ತಿದ್ದಾರೆಂಬ ಸಂಶಯವಿದ್ದವರನ್ನು ಇಲ್ಲಿ ವಿಚಾರಿಸುತ್ತಿದ್ದರು. ಸಂಶಯಕ್ಕೆ ಆಧಾರವಾದರೂ ಏನು? ಹಂದಿಮಾಂಸವನ್ನು ಬೇಡವೆಂದುದು, ಹಂದಿಯ ಕೊಬ್ಬಿನ ಬದಲು ಎಣ್ಣೆಯಲ್ಲಿ ಅಡುಗೆ ಮಾಡಿದುದು, ಶನಿವಾರ ಒಲೆ ಹಚ್ಚಬಾರದೆಂದು ಶುಕ್ರವಾರವೇ ಬೇಯಿಸಿಟ್ಟುದು. ಇಂಥವುಗಳನ್ನು ನೆರೆಮನೆಯವರು, ಮನೆಯಾಳುಗಳು ದೂರು ಕೊಟ್ಟರೆ ಅವು ಸಾಕ್ಷ್ಯಗಳಾಗುತ್ತಿದ್ದುವು. ಬದನೆಕಾಯಿ ಕೂಡ ಯಹೂದ್ಯರ ಮತ್ತು ಮುಸ್ಲಿಮರ ತರಕಾರಿ ಎಂದು ಹೆಸರಾಗಿತ್ತು. 1834ರಲ್ಲಿ ಮಾತ್ರವೇ ಈ ಸಂಸ್ಥೆ ಸ್ಪೇನಿನಲ್ಲಿ ಸಂಪೂರ್ಣವಾಗಿ ರದ್ದಾಯಿತು. ಕೆಳಗೆ ಆ ಗೋಡೆಗಳನ್ನು ನೋಡಿ ಮೇಲೆ ಬಂದಾಗ ಅಂಗಡಿಯೊಂದರಲ್ಲಿ ಆಲಿವ್, ಪಾಲಕ್, ಬದನೆಕಾಯಿಗಳನ್ನು ಓರಣವಾಗಿ ಜೋಡಿಸಿದ್ದರು. ಅವುಗಳನ್ನು ಕೊಳ್ಳುವವರನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ.

ಸೆವಿಯಾವನ್ನು ಬಿಡುವ ಮೊದಲು ಕೊಲಂಬಸನ ವಿಷಯವನ್ನೂ ಹೇಳಬೇಕು. ಅವನ ಸಮಾಧಿ ಅಲ್ಲಿನ ಮಹಾ ಕೆಥೆಡ್ರಲ್ಲಿನಲ್ಲಿದೆ. ಆ ಕೆಥೆಡ್ರಲ್ಲಿನ ಗಂಟೆಗೋಪುರ 'ಹಿರಾಲ್ದಾ' ಮೂಲತಃ 1198ರಲ್ಲಿ ಪೂರ್ಣಗೊಂಡ ಮಸೀದಿಯ ಮಿನಾರು. ಅದರೊಳಗೆ ಮೆಟ್ಟಿಲುಗಳ ಬದಲು 35 ಇಳಿಜಾರು ಹಾದಿಗಳಿರುವುದರಿಂದ ನನ್ನಂಥ ವಯಸ್ಸಾದವರೂ ನಿಧಾನವಾಗಿ ಹತ್ತಬಹುದು. ಕೊಲಂಬಸ್ ಹೊರಟಿದ್ದು ನಮ್ಮ ಕಡೆಯ ಮೆಣಸನ್ನು ಹುಡುಕಿಕೊಂಡು. ಸಿಕ್ಕಿದ್ದು ಬೇರೆಯೇ ಖಾರದ ಕಾಯಿ. ಸ್ಪ್ಯಾನಿಷರು ಕಾಳುಮೆಣಸಿಗೆ 'ಪಿಮಿಯೆಂತಾ' ಎನ್ನುತ್ತಿದ್ದರು. ಹೊಸ ಕಾಯಿಗೆ 'ಪಿಮಿಯೆಂತೊ' ಎಂದರು. ಪೋರ್ಚುಗೀಸರ ಮೂಲಕ ಆ ಕಾಯಿ ನಮ್ಮಲ್ಲಿಗೆ ಬಂದಾಗ ಕನ್ನಡಿಗರೂ ಹಾಗೆಯೇ ಮಾಡಿದರು: ಮೆಣಸಿನಿಂದ 'ಮೆಣಸಿನಕಾಯಿ'. ಒಬ್ಬರನ್ನೊಬ್ಬರು ಕಾಣದ ಎರಡು ನಾಡಿನ ಜನ ಹೊಸದನ್ನು ಹಳೆಯದರ ಹೆಸರಿನಿಂದಲೇ ಮನೆಯೊಳಗೆ ಕರೆದುಕೊಂಡರು. ಬ್ಯಾಡಗಿಯ ಮೆಣಸಿನಕಾಯಿಯೂ ಸಾಲ್ಮೊರೇಹೊದ ಟೊಮೆಟೊವೂ ಅಟ್ಲಾಂಟಿಕ್ ಆಚೆಯ ಒಂದೇ ತವರಿನವು.

ಸೆವಿಯಾದಿಂದ ಮುಕ್ಕಾಲು ಗಂಟೆಯ ರೈಲು ಪ್ರಯಾಣದಲ್ಲಿ ಕೊರ್ದೊಬಾ. 750ರಲ್ಲಿ ಡಮಾಸ್ಕಸ್ಸಿನ ಉಮಯ್ಯದ್ ವಂಶವನ್ನು ಅಬ್ಬಾಸಿಗಳು ನಾಶ ಮಾಡಿದಾಗ ತಪ್ಪಿಸಿಕೊಂಡ ರಾಜಕುಮಾರ ಅಬ್ದುಲ್ ರಹಮಾನ್ ಉತ್ತರ ಆಫ್ರಿಕಾವನ್ನು ಹಾದು ಬಂದು 756ರಲ್ಲಿ ಇಲ್ಲಿ ಅಧಿಕಾರ ಹಿಡಿದನು. ತನ್ನಂತೆಯೇ ಪರದೇಶಿಯಾಗಿ ಬಂದು ನಿಂತ ಖರ್ಜೂರದ ಮರವನ್ನು ಕುರಿತು ಅವನು ಕವಿತೆ ಬರೆದನೆಂದು ಪ್ರತೀತಿಯಿದೆ. 785ರ ಸುಮಾರಿಗೆ ಅವನು ಆರಂಭಿಸಿದ ಮಹಾಮಸೀದಿಯನ್ನು ಅವನ ವಂಶಜರು ಇನ್ನೂರು ವರ್ಷ ವಿಸ್ತರಿಸುತ್ತ ಹೋದರು. ಒಳಗೆ ಕಾಲಿಟ್ಟರೆ ಕಂಬಗಳ ಕಾಡು. ಇಂದಿಗೂ 850ಕ್ಕೂ ಮೇಲ್ಪಟ್ಟು ಕಂಬಗಳಿವೆ. ಅವುಗಳಲ್ಲಿ ಅನೇಕವು ಹಾಳುಬಿದ್ದ ರೋಮನ್ ಮತ್ತು ವಿಸಿಗಾತ್ ಕಟ್ಟಡಗಳಿಂದ ತಂದವು. ಕಂಬಗಳು ಗಿಡ್ಡವಾಗಿದ್ದುದರಿಂದ ಛಾವಣಿಯನ್ನು ಎತ್ತರಿಸಲು ಶಿಲ್ಪಿಗಳು ಕಮಾನಿನ ಮೇಲೆ ಕಮಾನನ್ನು ಇಟ್ಟರು. ಕೆಂಪು ಇಟ್ಟಿಗೆ, ಬಿಳಿ ಕಲ್ಲುಗಳನ್ನು ಒಂದು ಬಿಟ್ಟೊಂದು ಜೋಡಿಸಿದರು. ಕೊರತೆಯನ್ನು ತುಂಬಲು ಮಾಡಿದ ಉಪಾಯವೇ ಆ ಕಟ್ಟಡದ ಸೊಬಗಾಗಿದೆ.

1236ರಲ್ಲಿ ಮೂರನೆಯ ಫರ್ಡಿನೆಂಡ್ ಕೊರ್ದೊಬಾವನ್ನು ಗೆದ್ದಾಗ ಮಸೀದಿಯನ್ನು ಕೆಡವಲಿಲ್ಲ, ಚರ್ಚಾಗಿ ಪ್ರತಿಷ್ಠಾಪಿಸಿದನು. ಸುಮಾರು ಮುನ್ನೂರು ವರ್ಷಗಳ ಬಳಿಕ, 1523ರಲ್ಲಿ, ನಟ್ಟನಡುವಿನ ಕಂಬಗಳನ್ನು ತೆಗೆದು ದೊಡ್ಡ ಕೆಥೆಡ್ರಲ್ ಕಟ್ಟಬೇಕೆಂದು ಬಿಷಪ್ಪರು ಹೊರಟರು. ಆಗ ನಗರಸಭೆ ಅದನ್ನು ವಿರೋಧಿಸಿತು. ಕೆಡಹುವ ಕೆಲಸಕ್ಕೆ ಕೈ ಹಾಕಿದವರಿಗೆ ಮರಣದಂಡನೆ ಎಂದು ಡಂಗುರ ಹೊಡೆಸಿತು! ಆ ಸಭಾಸದರೆಲ್ಲ ಕ್ರೈಸ್ತರು. ಪರಧರ್ಮದವರು ಕಟ್ಟಿದ್ದಾದರೂ ತಮ್ಮ ಊರಿನ ಅಂಥ ಕಟ್ಟಡ ಮತ್ತೊಂದಿಲ್ಲವೆಂಬುದು ಅವರಿಗೆ ತಿಳಿದಿತ್ತು. ದೊರೆ ಐದನೆಯ ಚಾರ್ಲ್ಸ್ ಬಿಷಪ್ಪರ ಪರವಾಗಿ ತೀರ್ಪು ಕೊಟ್ಟನು, ಕೆಥೆಡ್ರಲ್ ಎದ್ದಿತು. ಅದನ್ನು ಕಂಡ ಮೇಲೆ ದೊರೆಯೇ ಪಶ್ಚಾತ್ತಾಪಪಟ್ಟನೆಂದು ಜನ ಹೇಳುತ್ತಾರೆ. ಅದಿರಲಿ, ಸೋತ ಆ ನಗರಸಭೆಯ ನೆನಪು ನನ್ನನ್ನು ಇಡೀ ದಿನ ಹಿಂಬಾಲಿಸಿತು.

ಮುಸ್ಲಿಮರು, ಕ್ರೈಸ್ತರು, ಯಹೂದ್ಯರು ಅಣ್ಣತಮ್ಮಂದಿರಂತೆ ಬಾಳಿದ ಸ್ವರ್ಣಯುಗವೆಂದು ಕೊರ್ದೊಬಾವನ್ನು ಪ್ರವಾಸೀ ಪುಸ್ತಕಗಳು ಹೊಗಳುತ್ತವೆ. ಇತಿಹಾಸ ಓದುವವರು ಅಷ್ಟಕ್ಕೇ ನಿಲ್ಲಬಾರದು. ಹಳೆಯ ಊರಿನಲ್ಲಿ ಇಬ್ಬರ ಪ್ರತಿಮೆಗಳಿವೆ. ಇಬ್ಬರೂ 12ನೆಯ ಶತಮಾನದಲ್ಲಿ ಅಲ್ಲಿಯೇ ಹುಟ್ಟಿದವರು. ಒಬ್ಬರು ಅರಿಸ್ಟಾಟಲನಿಗೆ ಭಾಷ್ಯ ಬರೆದ ಇಬ್ನ್ ರುಶ್ದ್. ಇನ್ನೊಬ್ಬರು ಯಹೂದ್ಯ ದಾರ್ಶನಿಕ ಹಾಗೂ ವೈದ್ಯ ಮೈಮೋನಿಡಿಸ್. ಅಲ್ಮೊಹಾದ್ ಎಂಬ ಕಟ್ಟುನಿಟ್ಟಿನ ಮುಸ್ಲಿಂ ಮನೆತನ ಕೊರ್ದೊಬಾವನ್ನು ಹಿಡಿದಾಗ ಮೈಮೋನಿಡಿಸರ ಕುಟುಂಬ ಊರು ಬಿಡಬೇಕಾಯಿತು. ಅವರು ಕೊನೆಗೆ ನೆಲೆನಿಂತುದು ಈಜಿಪ್ಟಿನಲ್ಲಿ. ಇಬ್ನ್ ರುಶ್ದರನ್ನು 1195ರಲ್ಲಿ ಗಡೀಪಾರು ಮಾಡಿ ಅವರ ಗ್ರಂಥಗಳನ್ನು ಸುಟ್ಟರು. ಕಲಿತವರನ್ನು ಹೊರಗಟ್ಟುವ ಕೆಲಸವನ್ನು ಒಂದೇ ಧರ್ಮದ ಅರಸರು ಮಾಡಲಿಲ್ಲ ಎಂಬುದಕ್ಕೆ ಆ ಎರಡು ಪ್ರತಿಮೆಗಳೇ ಸಾಕ್ಷಿ.

ಆದರೂ ಆ ನೆಲದಲ್ಲಿ ಕೊಡುಕೊಳೆ ನಡೆದದ್ದು ಸುಳ್ಳಲ್ಲ. ನಮಗೂ ಅದರಲ್ಲೊಂದು ಪಾಲಿದೆ. ಕನ್ನಡದಲ್ಲಿ ದುರ್ಗಸಿಂಹನು 11ನೆಯ ಶತಮಾನದಲ್ಲಿ, ಚಾಲುಕ್ಯ ಜಗದೇಕಮಲ್ಲನ ಕಾಲದಲ್ಲಿ, ಪಂಚತಂತ್ರವನ್ನು ಬರೆದುದು ನಿಮಗೆ ಗೊತ್ತಿದೆ. ಅದೇ ಕಥಾವೃಕ್ಷದ ಇನ್ನೊಂದು ಕೊಂಬೆ 6ನೆಯ ಶತಮಾನದಲ್ಲಿ ಪರ್ಶಿಯಾಕ್ಕೂ, 8ನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫನಿಂದ ಅರಬ್ಬಿಗೂ ಹೋಗಿ 'ಕಲೀಲಾ ಮತ್ತು ದಿಮ್ನಾ' ಎನಿಸಿಕೊಂಡಿತು. 1251ರಲ್ಲಿ ಅದು ಸ್ಪೇನಿನ ಕಸ್ಟೀಲಿಯನ್ ಭಾಷೆಗೆ ಅನುವಾದವಾಯಿತು. ನಮ್ಮ ಕರಟಕ ದಮನಕರೇ ಆ ಕಲೀಲಾ, ದಿಮ್ನಾ! ಚದುರಂಗವೂ ಇದೇ ಹಾದಿಯಲ್ಲಿ ಹೋಗಿ ಅಲ್ಲಿ 'ಅಹೆದ್ರೆಸ್' ಆಗಿದೆ.

ಕೊರ್ದೊಬಾದಿಂದ ಬಸ್ಸಿನಲ್ಲಿ, ಕಣ್ಣು ಹಾಯುವವರೆಗೂ ಹಬ್ಬಿದ ಆಲಿವ್ ತೋಪುಗಳ ನಡುವೆ ಗ್ರಾನಡಾಕ್ಕೆ ಬಂದೆವು. ಹಿಂದೆ ಹಿಮ ಹೊದ್ದ ಸಿಯೆರಾ ನೆವಾದಾ ಪರ್ವತ. ಮುಂದೆ ಗುಡ್ಡದ ಮೇಲೆ ಕೆಂಪಗೆ ನಿಂತ ಅಲ್‌ಹಂಬ್ರಾ. ಹೆಸರಿನ ಅರ್ಥವೂ ಕೆಂಪು ಎಂದೇ. ನಸ್ರೀದ್ ವಂಶದ ಈ ಅರಮನೆಗಳಲ್ಲಿ ಕಲ್ಲಿಗಿಂತ ನನ್ನನ್ನು ಹಿಡಿದಿಟ್ಟುದು ನೀರು. ದಾರ್ರೊ ನದಿಯನ್ನು ಸುಮಾರು ಆರು ಕಿಲೋಮೀಟರ್ ಮೇಲೆಯೇ ತಿರುಗಿಸಿ, ಬೆಟ್ಟದ ಬದಿಯಲ್ಲಿ ಕಾಲುವೆ ತೋಡಿ, ಕೇವಲ ಇಳಿಜಾರಿನ ಬಲದಿಂದ ಗುಡ್ಡದ ನೆತ್ತಿಗೆ ನೀರು ತಂದಿದ್ದಾರೆ. ಹನ್ನೆರಡು ಕಲ್ಲಿನ ಸಿಂಹಗಳ ಬಾಯಿಂದ ಹೊರಬೀಳುವ ನೀರು ನಾಲ್ಕು ಸಣ್ಣ ಕಾಲುವೆಗಳಾಗಿ ಅಂಗಳದಲ್ಲಿ ಹರಿಯುತ್ತದೆ.

ಈ ಅರಮನೆಯನ್ನೇ ಕೊನೆಯ ಅರಸ ಬೊಅಬ್ದಿಲ್ ಒಪ್ಪಿಸಿದ್ದು. 1491ರ ನವೆಂಬರ್ 25ರ ಒಪ್ಪಂದದಲ್ಲಿ ಗೆದ್ದವರು ಲಿಖಿತ ಮಾತು ಕೊಟ್ಟಿದ್ದರು: ಮುಸ್ಲಿಮರ ಧರ್ಮ, ಮಸೀದಿ, ಆಸ್ತಿ, ನ್ಯಾಯಪದ್ಧತಿಗಳಿಗೆ ಚ್ಯುತಿಯಿಲ್ಲ ಎಂದು. ಆ ಮಾತು ಹತ್ತು ವರ್ಷವೂ ಬಾಳಲಿಲ್ಲ. ಆ ಶತಮಾನದ ಕೊನೆಗೆ ಬಲವಂತದ ಮತಾಂತರ, ಅರಬ್ಬೀ ಗ್ರಂಥಗಳ ದಹನ ನಡೆದುವು. 1502ರಲ್ಲಿ ಕಸ್ಟೀಲ್ ರಾಜ್ಯದ ಮುಸ್ಲಿಮರಿಗೆಲ್ಲ ಮತಾಂತರ ಇಲ್ಲವೆ ವಲಸೆ ಎಂಬ ಆಜ್ಞೆಯಾಯಿತು. ಹೀಗೆ ಕ್ರೈಸ್ತರಾದವರನ್ನು 'ಮೊರಿಸ್ಕೊ'ಗಳೆಂದರು. 1567ರಲ್ಲಿ ಅವರ ಭಾಷೆ, ಉಡುಪು, ಸ್ನಾನಗೃಹಗಳನ್ನೂ ನಿಷೇಧಿಸಿದಾಗ ಅವರು ಅಲ್ಪುಹಾರಾ ಎಂಬ ಬೆಟ್ಟಸಾಲಿನಲ್ಲಿ ಬಂಡೆದ್ದರು, ಸೋತು ಚದುರಿಹೋದರು. 1609ರಿಂದ 1614ರವರೆಗೆ ಸುಮಾರು ಮೂರು ಲಕ್ಷ ಮೊರಿಸ್ಕೊಗಳನ್ನು ದೇಶದಿಂದಲೇ ಹೊರಹಾಕಲಾಯಿತು. ಅಷ್ಟು ಹೊತ್ತಿಗೆ ಅವರು ನಾಲ್ಕು ತಲೆಮಾರುಗಳಿಂದ ಕ್ರೈಸ್ತರೆನಿಸಿಕೊಂಡಿದ್ದರು.

ನಾವು ಅಲ್ಪುಹಾರಾಕ್ಕೂ ಹೋಗಿಬಂದೆವು. ಬೆಟ್ಟದ ಬದಿಗೆ ಅಂಟಿಕೊಂಡ ಬೆಳ್ಳನೆಯ ಹಳ್ಳಿಗಳು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹೊಲಗಳು. ಹಿಮ ಕರಗಿದ ನೀರನ್ನು ಹೊಲಗಳಿಗೆ ಒಯ್ಯುವ ಕಾಲುವೆಗಳಿಗೆ ಇಂದಿಗೂ 'ಅಸೇಕಿಯಾ' ಎಂಬ ಅರಬ್ಬೀ ಮೂಲದ ಹೆಸರೇ ಇದೆ. ಸರದಿಯ ಪ್ರಕಾರ ನೀರು ಬಿಡಲು ಊರಿಗೊಬ್ಬನಿರುತ್ತಾನೆ. ನಮ್ಮ ಕೆರೆಗಳ ನೀರುಗಂಟಿಯಂತೆಯೇ. ಮೊರಿಸ್ಕೊಗಳನ್ನು ಹೊರಡಿಸಿ ಉತ್ತರದಿಂದ ಹೊಸಬರನ್ನು ತಂದು ನೆಲೆಗೊಳಿಸಿದಾಗ ಆ ಹೊಸಬರಿಗೆ ಈ ಕಾಲುವೆಗಳ ಮರ್ಮ ತಿಳಿಯಲಿಲ್ಲವಂತೆ. ಅದನ್ನು ಕಲಿಸಲೆಂದು ಊರಿಗೆ ಎರಡು ಮೊರಿಸ್ಕೊ ಕುಟುಂಬಗಳನ್ನು ಉಳಿಸಿಕೊಂಡರೆಂಬ ಕಥೆ ಆ ಹಳ್ಳಿಗಳಲ್ಲಿ ಪ್ರಚಲಿತವಾಗಿದೆ. ನಡುವೆ ಹಾಳುಬಿದ್ದಿದ್ದ ಕೆಲವು ಕಾಲುವೆಗಳನ್ನು ಗ್ರಾನಡಾ ವಿಶ್ವವಿದ್ಯಾಲಯದವರು 2014ರಿಂದೀಚೆಗೆ ಊರವರನ್ನೂ ಸ್ವಯಂಸೇವಕರನ್ನೂ ಕೂಡಿಸಿಕೊಂಡು ಮತ್ತೆ ತೆರೆದಿದ್ದಾರೆ. ಮಳೆ ಕಡಿಮೆಯಾಗುತ್ತಿರುವ ಆ ನಾಡಿಗೆ ಸಾವಿರ ವರ್ಷದ ಹಿಂದಿನವರ ಜಾಣ್ಮೆ ಈಗ ಬೇಕಾಗಿದೆ.

ಜನರನ್ನು ಓಡಿಸಬಹುದು, ಅವರು ತಂದ ಮರ, ನೀರು, ಮಾತುಗಳನ್ನು ಓಡಿಸಲಾಗದು ಎಂದು ಹೇಳಿ ಈ ಬರಹವನ್ನು ಮುಗಿಸಿದರೆ ಕೇಳಲು ಹಿತವಾಗಿರುತ್ತದೆ. ಆದರೆ ನನ್ನ ಮನಸ್ಸು ಅದಕ್ಕೆ ಒಪ್ಪುತ್ತಿಲ್ಲ. ಉಳಿದದ್ದು ಹೋದವರಿಗೆ ಪರಿಹಾರವಾಗುವುದಿಲ್ಲ. ಕಾಲುವೆ ತೋಡಿದವರ ಮೊಮ್ಮಕ್ಕಳು ಉತ್ತರ ಆಫ್ರಿಕಾದ ದಡದಲ್ಲಿ ಪರದೇಶಿಗಳಾಗಿ ಇಳಿದರು. ಯಹೂದ್ಯರ ಸಂತತಿ ಸಲೋನಿಕಾ, ಇಸ್ತಾಂಬುಲ್‌ಗಳಲ್ಲಿ 15ನೆಯ ಶತಮಾನದ ಸ್ಪ್ಯಾನಿಷನ್ನೇ 'ಲಾದೀನೊ' ಎಂಬ ಹೆಸರಿನಲ್ಲಿ ಶತಮಾನಗಳ ಕಾಲ ಮನೆಮಾತಾಗಿ ಕಾಪಾಡಿಕೊಂಡು ಬಂದಿತು. ತಮ್ಮನ್ನು ಹೊರಗಟ್ಟಿದ ನಾಡಿನ ನುಡಿಯನ್ನು ಅಷ್ಟು ಕಾಲ ಜೋಪಾನ ಮಾಡಿದವರ ಮನಸ್ಸಿನಲ್ಲಿ ಏನಿದ್ದಿರಬಹುದು! 1492ರ ಆಜ್ಞೆಯನ್ನು ಸ್ಪೇನ್ ವಿಧ್ಯುಕ್ತವಾಗಿ ಹಿಂದೆಗೆದುಕೊಂಡುದು 1968ರಲ್ಲಿ. 2015ರ ಕಾನೂನೊಂದು ಆ ಯಹೂದ್ಯರ ವಂಶಜರಿಗೆ ಪೌರತ್ವಕ್ಕೆ ಅರ್ಜಿ ಹಾಕಲು ಅವಕಾಶ ಕೊಟ್ಟಿತು. ಅದರ ಅವಧಿ 2019ರ ಅಕ್ಟೋಬರ್‌ನಲ್ಲಿ ಮುಗಿಯಿತು. ಮೊರಿಸ್ಕೊಗಳ ವಂಶಜರಿಗೆ ಅಂಥ ಕಾನೂನು ಬರಲಿಲ್ಲ.

ನಿಮ್ಮಲ್ಲಿ ಕೆಲವರು ಈಗ ಅಧ್ಯಾಪಕರಾಗಿದ್ದೀರಿ. ತರಗತಿಯಲ್ಲಿ 1492ರ ಪಾಠ ಬಂದಾಗ ಕೊಲಂಬಸನ ಮೂರು ಹಡಗುಗಳ ಚಿತ್ರ ಬರೆಯಿಸಿ, ಅದು ಮಕ್ಕಳಿಗೆ ಇಷ್ಟವಾಗುತ್ತದೆ. ಜೊತೆಗೆ ಐದು ನಿಮಿಷ ಉಳಿಸಿಕೊಂಡು ಅದೇ ವರ್ಷದ ಜನವರಿ ಮತ್ತು ಮಾರ್ಚ್ ತಿಂಗಳುಗಳ ಕಥೆಯನ್ನೂ ಹೇಳಿ. ಮರಣದಂಡನೆಯ ಡಂಗುರ ಹೊಡೆಸಿಯೂ ಸೋತ ಕೊರ್ದೊಬಾದ ಆ ನಗರಸಭೆಯ ಕಥೆಯನ್ನು ಹೇಳಲು ಮಾತ್ರ ಮರೆಯಬೇಡಿ.